ಹೆಣ್ಣುಮಗುವಿಗೆ ಐರಿಷ್ ಹೆಸರು

ಹೆಸರೆಂಬುದು ತಾಯಿತಂದೆಗಳು ಒಂದು ದಿನ ಇಟ್ಟು ಮುಗಿಸುವ ವಸ್ತುವಲ್ಲ. ಮಗುವು ಪ್ರತಿನಿತ್ಯವೂ ಎದ್ದುನಿಂತು ಉತ್ತರ ಕೊಡಬೇಕಾದ ವಸ್ತು. ಶಾಲೆಯ ಹಾಜರಿ ಪುಸ್ತಕವನ್ನು ಓದಿದವರಿಗೂ ಅದಕ್ಕೆ ಓಗೊಟ್ಟವರಿಗೂ ಇದು ಚೆನ್ನಾಗಿ ತಿಳಿದಿದೆ. ಈಗ ನಮ್ಮ ನಾಡಿನಿಂದ ದಾದಿಯರಾಗಿಯೂ ಬೇರೆ ಉದ್ಯೋಗಗಳನ್ನು ಹಿಡಿದೂ ಐರ್ಲೆಂಡಿಗೆ ಹೋಗಿ ನೆಲಸಿದ ಕುಟುಂಬಗಳು ಉಂಟು. ಅಲ್ಲಿ ಹುಟ್ಟಿದ ಹೆಣ್ಣುಕೂಸಿಗೆ ಆ ದೇಶದ ಹೆಸರನ್ನೇ ಇಡೋಣವೇ ಎಂಬ ಪ್ರಶ್ನೆಯು ಅಂಥ ಮನೆಗಳಲ್ಲಿ ಏಳುವುದು ಸಹಜವೇ. ಆದರೆ ಈ ಪ್ರಶ್ನೆಯು ಮೊದಲು ಐರಿಷ್ ಜನರದು. ಅವರು ಅದರೊಡನೆ ಎಷ್ಟು ಕಾಲ ಹೆಣಗಿದರೆಂಬುದನ್ನು ಅರಿಯದೆ ನಾವು ಅದಕ್ಕೆ ಕೈಹಾಕುವುದು ತರವಲ್ಲ.

ಆ ಹೆಸರುಗಳ ಮೇಲೆ ಹೊರಗಿನವರ ಮೊದಲನೆಯ ದೂರು ಕಾಗುಣಿತದ್ದು. ಎನ್, ಐ, ಎ, ಎಂ, ಎಚ್ ಎಂದು ಬರೆದು ‘ನೀವ್’ ಎಂದು ಓದುವುದು ಎಲ್ಲಿಯ ನ್ಯಾಯವೆಂದು ಇಂಗ್ಲಿಷ್ ಕಲಿತವರು ನಗುವರು. ನ್ಯಾಯವುಂಟು. ಐರಿಷ್ ಭಾಷೆಯಲ್ಲಿ ವ್ಯಂಜನವು ಮೃದುವಾದಾಗ ಹಿಂದೆ ಅದರ ತಲೆಯ ಮೇಲೆ ಒಂದು ಚುಕ್ಕೆಯನ್ನು ಇಡುತ್ತಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ಸಾಧಾರಣ ರೋಮನ್ ಅಚ್ಚು ರೂಢಿಗೆ ಬಂದ ಮೇಲೆ ಆ ಚುಕ್ಕೆಯ ಬದಲು ಮುಂದುಗಡೆ ಎಚ್ ಅಕ್ಷರವನ್ನು ಬರೆಯತೊಡಗಿದರು. ಆದಕಾರಣ ಎಂ ಎಚ್ ಎಂಬುದೂ ಬಿ ಎಚ್ ಎಂಬುದೂ ಸಾಮಾನ್ಯವಾಗಿ ವಕಾರದಂತೆ ಕೇಳಿಸುವುವು. ಇನ್ನು ಸ್ವರದ ಮೇಲಿನ ಓರೆಗೆರೆಗೆ ‘ಫಾದ’ ಎಂದು ಹೆಸರು. ಅದು ದೀರ್ಘದ ಗುರುತು. ಶಾನ್ ಎಂಬ ಗಂಡುಹೆಸರಿನ ಗೆರೆಯನ್ನು ಬಿಟ್ಟರೆ ಅದು ‘ಹಳೆಯ’ ಎಂಬ ಶಬ್ದವಾಗಿ ಬಿಡುತ್ತದೆ. ದೀರ್ಘ ತಪ್ಪಿದರೆ ಅರ್ಥ ಕೆಡುವುದೆಂಬುದನ್ನು ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲವಷ್ಟೆ.

ಹೀಗಿರಲು, ಹೊರದೇಶಗಳ ತಾಯಿತಂದೆಗಳು ‘ಕೀವ’ ಎಂಬ ಹೆಸರನ್ನು ಮೆಚ್ಚಿಕೊಂಡು, ಅದರ ಕಾಗುಣಿತಕ್ಕೆ ಹೆದರಿ, ಇಂಗ್ಲಿಷ್ ಕಿವಿಗೆ ಕೇಳಿಸಿದಂತೆ ಕೆ ಮತ್ತು ವಿ ಅಕ್ಷರಗಳನ್ನು ಹಾಕಿ ಬರೆಯುವುದು ನನಗೆ ಸರಿತೋರದು. ಐರಿಷರ ಸಾಂಪ್ರದಾಯಿಕ ಅಕ್ಷರಮಾಲೆಯಲ್ಲಿ ಇರುವುದು ಹದಿನೆಂಟೇ ಅಕ್ಷರಗಳು. ಕೆ, ವಿ ಎರಡೂ ಅವುಗಳಲ್ಲಿ ಇಲ್ಲ. ಆ ಹೆಸರು ‘ಸೌಮ್ಯ, ಸುಂದರ, ಪ್ರಿಯ’ ಎಂದು ಅರ್ಥವುಳ್ಳ ಒಂದು ಶಬ್ದದಿಂದ ಹುಟ್ಟಿದ್ದು. ಕೆವಿನ್ ಎಂಬ ಗಂಡುಹೆಸರೂ ಅದೇ ಬೇರಿನದು. ಬರಹವನ್ನು ಬದಲಿಸಿದೊಡನೆ ಬೇರು ಕಾಣದಂತಾಗಿ, ಬರಿಯ ಸದ್ದು ಉಳಿಯುತ್ತದೆ. ಮಗುವು ಜೀವಮಾನವಿಡೀ ತನ್ನ ಹೆಸರಿನ ಅಕ್ಷರಗಳನ್ನು ಹೇಳಿಕೊಡಬೇಕಾದೀತೆಂಬ ಕನಿಕರವು ಒಳ್ಳೆಯದೇ. ಆದರೆ ಪರರಿಗೆ ಹೇಳಿಕೊಡಲು ತನ್ನಲ್ಲಿ ಏನಾದರೊಂದು ಇರುವುದು ಹುಡುಗಿಗೆ ಅಂಥ ಕಷ್ಟವೇ?

ಈ ವಿಷಯದಲ್ಲಿ ನಾನು ಇಷ್ಟು ಹಟಮಾಡುವುದಕ್ಕೆ ಚರಿತ್ರೆಯು ಕಾರಣ. ಆಂಗ್ಲರ ಆಳಿಕೆಯಲ್ಲಿ ಐರಿಷರ ಹೆಸರುಗಳು ಕಚೇರಿಯ ದಾಖಲೆಗಳಲ್ಲಿ ಇಂಗ್ಲಿಷ್ ರೂಪವನ್ನೂ, ಇಗರ್ಜಿಯ ಪುಸ್ತಕಗಳಲ್ಲಿ ಅನೇಕ ವೇಳೆ ಲ್ಯಾಟಿನ್ ರೂಪವನ್ನೂ ತೊಟ್ಟುಕೊಂಡವು. 1831ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಶಾಲೆಗಳಲ್ಲಿ ಪಾಠವು ಇಂಗ್ಲಿಷಿನಲ್ಲಿಯೇ ನಡೆಯಿತು. 1845ರಲ್ಲಿ ತೊಡಗಿದ ಮಹಾಕ್ಷಾಮವು ಐರಿಷ್ ಮಾತಾಡುತ್ತಿದ್ದ ಬಡ ಸೀಮೆಗಳನ್ನೇ ಹೆಚ್ಚಾಗಿ ಬರಿದುಮಾಡಿತು. ಮನೆಯಲ್ಲಿ ಒಂದು ಹೆಸರು, ಶಾಲೆಯಲ್ಲಿ ಇನ್ನೊಂದು, ಹೀಗೆ ಹೆಣ್ಣುಮಕ್ಕಳು ಬೆಳೆದರು. 1893ರಲ್ಲಿ ಡಗ್ಲಸ್ ಹೈಡ್ ಮೊದಲಾದವರು ಗೇಲಿಕ್ ಲೀಗ್ ಎಂಬ ಸಂಘವನ್ನು ಕಟ್ಟಿದ ಮೇಲೆಯೇ ಹಳೆಯ ಹೆಸರುಗಳಿಗೆ ಮತ್ತೆ ಮರ್ಯಾದೆ ಬಂದದ್ದು. ಆ ಹೈಡ್ ಮಹಾಶಯನೇ 1938ರಲ್ಲಿ ಐರ್ಲೆಂಡಿನ ಪ್ರಥಮಾಧ್ಯಕ್ಷನಾದನು. ಹೊಸ ಹೆಸರುಗಳೂ ಹುಟ್ಟಿದವು. ಸ್ವಾತಂತ್ರ್ಯವೆಂದು ಅರ್ಥವಾಗುವ ‘ಸೀರ್ಶ’ ಎಂಬುದನ್ನು ಇಪ್ಪತ್ತನೆಯ ಶತಮಾನಕ್ಕೆ ಮುಂಚೆ ಹುಡುಗಿಯರಿಗೆ ಇಡುತ್ತಿರಲಿಲ್ಲ. ಹೆಸರು ಪುರಾತನವಾಗಿಯೇ ಇರತಕ್ಕದ್ದೆಂಬ ಹಟ ನನಗಿಲ್ಲ. ಅಂಥ ಹೆಸರನ್ನು ಯಾರು ಬೇಡವೆಂದಾರು? ಆದರೆ ‘ಕಲೀನ್’ ಎಂದು ಮಗುವನ್ನು ಕರೆಯುವ ಅಮೇರಿಕದವರ ರೂಢಿ ಮಾತ್ರ ವಿಚಿತ್ರ. ಆ ಶಬ್ದಕ್ಕೆ ‘ಹುಡುಗಿ’ ಎಂದಷ್ಟೇ ಅರ್ಥ. ಐರ್ಲೆಂಡಿನಲ್ಲಿ ಅದನ್ನು ಹೆಸರಾಗಿ ಇಡುವುದು ಅಪರೂಪ.

ಪೂಜ್ಯಭಾವವೂ ಒಮ್ಮೊಮ್ಮೆ ಹೆಸರಿಗೆ ಅಡ್ಡಬರುವುದುಂಟು. ಐರಿಷಿನಲ್ಲಿ ಯೇಸುವಿನ ತಾಯಿಯನ್ನು ‘ಮುರ್ಯ’ ಎಂದು ಕರೆಯುವರು. ಆ ರೂಪವು ಆಕೆಯೊಬ್ಬಳಿಗೇ ಮೀಸಲು. ಹಿಂದಿನ ಕಾಲದಲ್ಲಿ ಮರಿಯಳ ಹೆಸರನ್ನು ನೇರವಾಗಿ ಇಡಲು ಅಂಜಿ ‘ಮರಿಯಳ ಸೇವಕಿ’ ಎಂಬರ್ಥದ ಹೆಸರನ್ನು ಇಡುತ್ತಿದ್ದರು. ಮುಂದೆ ಆ ಅಂಜಿಕೆಯು ತಗ್ಗಿದ ಮೇಲೂ ಸಾಮಾನ್ಯ ಸ್ತ್ರೀಯರಿಗೆ ‘ಮಾರ್ಯ’ ಎಂಬ ಬೇರೆ ರೂಪವೇ ನಿಂತಿತು. ಈ ವಿನಯವು ನನಗೆ ಬಹಳ ಹಿಡಿಸಿದೆ.

ಇದಕ್ಕೆ ತೀರ ವಿರುದ್ಧವಾದ ಗತಿ ‘ಬ್ರಿಜಿಡ್’ ಎಂಬ ಹೆಸರಿಗೆ ಬಂದಿತು. ಅದು ಮೊದಲು ಪ್ರಾಚೀನ ಐರಿಷರ ಒಬ್ಬ ದೇವಿಯ ಹೆಸರು. ಆಮೇಲೆ ಕಿಲ್ಡೇರಿನಲ್ಲಿ ಮಠವನ್ನು ಸ್ಥಾಪಿಸಿ ಆರನೆಯ ಶತಮಾನದ ಆದಿಭಾಗದಲ್ಲಿ ತೀರಿಕೊಂಡಳೆನ್ನಲಾದ ಸಂತಳ ಹೆಸರು. ಆಕೆಯ ಮೇಲುಹೊದಿಕೆಯು ಮುಚ್ಚುವಷ್ಟು ನೆಲವನ್ನು ಕೊಡುವೆನೆಂದು ಅರಸನು ಒಪ್ಪಲು, ಅದು ಹರಡುತ್ತ ಹರಡುತ್ತ ಬಯಲನ್ನೆಲ್ಲ ಮುಚ್ಚಿತೆಂಬ ಐತಿಹ್ಯವಿದೆ. ಪ್ಯಾಟ್ರಿಕ್ ಮತ್ತು ಕೊಲಂಬ ಎಂಬ ಇಬ್ಬರು ಪುರುಷರ ಸಾಲಿನಲ್ಲಿ ಈಕೆಯೊಬ್ಬಳೇ ಆ ನಾಡಿನ ರಕ್ಷಕ ಸಂತಳು. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಏನಾಯಿತೆಂದರೆ, ಒಂಟಿಯಾಗಿ ಕಡಲು ದಾಟಿ ಅಮೇರಿಕದ ಸಿರಿವಂತರ ಮನೆಗಳಲ್ಲಿ ಅಡಿಗೆ ಕಸಮುಸುರೆಗಳಿಗೆ ಸೇರಿದ ಐರಿಷ್ ಹುಡುಗಿಯರಲ್ಲಿ ಬ್ರಿಜೆಟ್ ಎಂಬವರು ಬಹುಮಂದಿಯಾಗಿ, ಕೊನೆಗೆ ಕೆಲಸದವಳೆಂದರೆ ಬ್ರಿಜೆಟ್, ಇಲ್ಲವೆ ‘ಬಿಡ್ಡಿ’ ಎಂಬಂತಾಯಿತು. ಪತ್ರಿಕೆಗಳ ವ್ಯಂಗ್ಯಚಿತ್ರಗಳಲ್ಲಿ ಪಿಂಗಾಣಿಯನ್ನು ಒಡೆಯುವ ದಡ್ಡಿಗೆಲ್ಲ ಅದೇ ಹೆಸರು. ತಮ್ಮ ಸಂಬಳದಿಂದ ಊರಿನ ಮನೆಗಳನ್ನು ಹಸಿವಿನಿಂದ ಕಾಪಾಡಿದ ಆ ಹುಡುಗಿಯರು ನಾಚಿಕೆಯಿಂದ ಬರ್ತಾ ಎಂದೋ ಡೀಲಿಯಾ ಎಂದೋ ಹೆಸರು ಬದಲಿಸಿಕೊಂಡರು. ತಮ್ಮ ಹೆಣ್ಣುಮಕ್ಕಳಿಗೂ ಅದನ್ನು ಇಡಲೊಲ್ಲದೆ ಹೋದರು. (ಆಸ್ಟ್ರೇಲಿಯದಲ್ಲಿ ಶೀಲಾ ಎಂಬ ಐರಿಷ್ ಹೆಸರೂ ‘ಯಾವಳೋ ಒಬ್ಬಳು ಹೆಂಗಸು’ ಎಂಬರ್ಥದ ಹಗುರ ಮಾತಾಯಿತು.) ನಗುವವರು ನಕ್ಕರೆಂದು ಅಜ್ಜಿಯ ಹೆಸರನ್ನು ಮೊಮ್ಮಗಳು ಕಳೆದುಕೊಳ್ಳುವುದು ಎಂಥ ನಷ್ಟ! 2023ರಿಂದ ಐರ್ಲೆಂಡಿನ ಸರಕಾರವು ಫೆಬ್ರವರಿ ತಿಂಗಳಲ್ಲಿ ಈ ಸಂತಳ ಹೆಸರಿನಲ್ಲಿ ಸಾರ್ವಜನಿಕ ರಜೆಯನ್ನು ಕೊಡುತ್ತಿದೆ. ರಜೆಯು ಬಂತು ಸರಿ. ತೊಟ್ಟಿಲಿಗೆ ಹೆಸರೂ ಬರಲಿ ಎಂದು ನನ್ನ ಆಶೆ. ಐರಿಷ್ ಮನೆತನದ ತಾಯಿಯೊಬ್ಬಳು ನನ್ನನ್ನು ಕೇಳಿದರೆ, ಸೊಗಸಾದ ನೂರು ಹೆಸರುಗಳನ್ನು ಬಿಟ್ಟು ಇದನ್ನೇ ಹೇಳುವೆನು.

ಇನ್ನು ನಮ್ಮವರ ಮಾತು. ಡಬ್ಲಿನ್ನಿನಲ್ಲಿರುವ ಕನ್ನಡದ ತಾಯಿತಂದೆಗಳು ಹೆಸರನ್ನು ಪುಸ್ತಕದಲ್ಲಿ ಓದಿ ಮೆಚ್ಚಿದರೆ ಸಾಲದು, ಊರಿನಲ್ಲಿರುವ ಅಜ್ಜಿಯ ಕಿವಿಯಿಂದಲೂ ಒಮ್ಮೆ ಕೇಳಬೇಕು. ನಾನು ಮೇಲೆ ಹೊಗಳಿದ ‘ಕೀವ’ ನಮ್ಮಲ್ಲಿ ಹುಣ್ಣನ್ನು ನೆನಪಿಗೆ ತರುವುದು. ‘ಊನ’ ಎಂಬ ಮುದ್ದಾದ ಹೆಸರಿಗೆ ನಮ್ಮಲ್ಲಿ ಏನರ್ಥವೆಂದು ಹೇಳಬೇಕಾಗಿಲ್ಲ. ‘ನೀವ್’ ಎಂದು ಹೆಸರಿಟ್ಟರೆ ಅಜ್ಜಿಯು ಮೊಮ್ಮಗಳನ್ನು ಬಹುವಚನದಲ್ಲಿ ಕರೆದಂತಾದೀತು. ಇದರಿಂದ ಕೆಡುಕೇನೂ ಇಲ್ಲವೆನ್ನಿ! ಹೀಗೆಂದು ಎರಡು ನುಡಿಗಳೂ ತೀರ ಪರಕೀಯವೆಂದು ತಿಳಿಯಬಾರದು. ಭಾಷಾಶಾಸ್ತ್ರಜ್ಞರು ಬ್ರಿಜಿಡ್ ಎಂಬ ಶಬ್ದವನ್ನು ಸಂಸ್ಕೃತದ ‘ಬೃಹತೀ’ ಎಂಬುದರ ಒಡಹುಟ್ಟೆಂದು ತೋರಿಸಿದ್ದಾರೆ. ಎರಡಕ್ಕೂ ‘ಉನ್ನತಳು’ ಎಂಬರ್ಥ. ಕಥೆಗಳ ರಾಣಿ ಮೇವ್ ಎಂಬವಳ ಹೆಸರಿನ ಬೇರು ನಮ್ಮ ‘ಮಧು’ವಿನ ನಂಟು.

ಐರ್ಲೆಂಡಿನಿಂದ 1895ರಲ್ಲಿ ಬೆಂಗಳೂರಿಗೆ ಬಂದು, ಬಳಿಕ ತಮಿಳುನಾಡಿನ ದೋನಾವೂರಿನಲ್ಲಿ ಮಕ್ಕಳಿಗೆ ಆಶ್ರಯ ಕೊಟ್ಟ ಏಮಿ ಕಾರ್ಮೈಕಲ್ ಅಮ್ಮನವರು ಆ ಮಕ್ಕಳಿಗೆ ತಮ್ಮ ನಾಡಿನ ಹೆಸರುಗಳನ್ನು ಹಂಚಲಿಲ್ಲ. ಈ ನೆಲದ ಹೆಸರುಗಳನ್ನೇ ಇಟ್ಟರು. ಹೆಸರನ್ನು ಕೊಡುವವರ ಅಭಿಮಾನಕ್ಕಿಂತ ಹೊರುವವಳ ನೆರೆಹೊರೆಯು ದೊಡ್ಡದೆಂದು ಅವರು ಬಗೆದಿರಬೇಕು. ಅದೇ ಅಳತೆಯಿಂದ ನೋಡಿದರೆ, ಡಬ್ಲಿನ್ನಿನಲ್ಲಿ ಬೆಳೆಯುವ ಕೂಸಿಗೆ ಐರಿಷ್ ಹೆಸರು ಸಲ್ಲದೆಂದು ನಾವು ಹೇಳಲಾರೆವು. ಆ ದೇಶದ ಹಳೆಯ ವಾಡಿಕೆಯಂತೆ ಹಿರಿಯ ಮಗಳಿಗೆ ತಾಯಿಯ ತಾಯಿಯ ಹೆಸರನ್ನು ಇಡುತ್ತಿದ್ದರು. ಆದುದರಿಂದ ಅಜ್ಜಿಯ ಕನ್ನಡ ಹೆಸರನ್ನೇ ಇಟ್ಟರೂ ಅದು ಐರಿಷ್ ಪದ್ಧತಿಯೇ ಆಯಿತು. ಎರಡು ನಾಡುಗಳಿಗೂ ಒಂದೇ ಹೆಸರು ಬೇಕೆಂಬವರಿಗೆ ಶೀಲಾ ಇದೆ. ಅಲ್ಲಿ ಅದು ಸಂತ ಸೆಸಿಲಿಯಳ ಹೆಸರಿನ ಐರಿಷ್ ರೂಪ, ಇಲ್ಲಿ ಸದ್ಗುಣದ ಹೆಸರು. ದಾಖಲೆಯಲ್ಲಿ ಅದನ್ನು ಇಂಗ್ಲಿಷರ ರೀತಿಯಲ್ಲಿ ಬರೆಯಿಸಬೇಕೋ, ಎಸ್, ಐ, ಎಲ್, ಇ ಎಂಬ ನಾಲ್ಕೇ ಐರಿಷ್ ಅಕ್ಷರಗಳಲ್ಲಿ ಬರೆಯಿಸಬೇಕೋ ಎಂದು ಕೇಳಿದರೆ, ನಾನಾದರೋ ನಾಲ್ಕಕ್ಷರವನ್ನೇ ಆರಿಸುವೆನು. ಐ ಅಕ್ಷರದ ಮೇಲಿನ ಗೆರೆಯನ್ನು ಗುಮಾಸ್ತನು ಬಿಟ್ಟುಬಿಡದಂತೆ ಎದುರಿಗೇ ನಿಂತು ನೋಡಿಕೊಳ್ಳುವೆನು.