ಕಾಗದ ನಡೆಯಬೇಕೋ, ರೈತ ನಡೆಯಬೇಕೋ?

ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆ ಹುಟ್ಟಿದ್ದು ಗುಡಿಯಲ್ಲಿರಬಹುದು. ಬಾಳಿ ಬೆಳೆದದ್ದು ಮಾತ್ರ ಸರಕಾರಿ ಕಚೇರಿಗಳಲ್ಲಿ.

ಶಿಗ್ಗಾಂವಿ ತಾಲ್ಲೂಕಿನ ದುಂಡಸಿಯ ರೈತನೊಬ್ಬನು ನೆರೆಯವನ ಹೊಲದಲ್ಲಿ ಎರಡೆಕರೆಯನ್ನು ಕೊಂಡನೆನ್ನಿ. ಅಳೆದು ನಕ್ಷೆ ಬರೆಯುವುದು ಭೂಮಾಪನ ಇಲಾಖೆ. ಖರೀದಿಪತ್ರವನ್ನು ದಾಖಲಿಸುವುದು ನೋಂದಣಿ ಇಲಾಖೆ. ಪಹಣಿಯಲ್ಲಿ, ಆ ಕಡೆಯವರ ಮಾತಿನಲ್ಲಿ ಉತಾರದಲ್ಲಿ, ಹೆಸರನ್ನು ಬದಲಿಸುವುದು ಕಂದಾಯ ಇಲಾಖೆ. ಮೂರೂ ಒಂದೇ ಸರಕಾರದ ಕೈಗಳು. ಆದರೂ ಬಹುಕಾಲ ಒಂದು ಕೈ ಬರೆದುದು ಇನ್ನೊಂದಕ್ಕೆ ಬೇಗ ತಿಳಿಯುತ್ತಿರಲಿಲ್ಲ.

ಕಾನೂನು ಉದಾರವಾಗಿಯೇ ಇತ್ತು. 1964ರ ಭೂಕಂದಾಯ ಕಾಯಿದೆಯ 128ನೆಯ ಕಲಮಿನಂತೆ, ನೋಂದಣಿಯಾದ ಪತ್ರದಿಂದ ಹಕ್ಕು ಪಡೆದವನು ಅದನ್ನು ಮತ್ತೆ ವರದಿಮಾಡಬೇಕಾಗಿಲ್ಲ. ನೋಂದಣಿ ಅಧಿಕಾರಿಯೇ ತಿಳಿಸಬೇಕು. ಆ ವರದಿ ತಡವಾದರೆ ಹೊಲ ಉಳುವವನೊಬ್ಬ, ಉತಾರದಲ್ಲಿ ಇರುವವನೊಬ್ಬ. ಬೆಳೆಸಾಲಕ್ಕೆ ಹೋದರೆ ಸೊಸೈಟಿಯವರು ಕೇಳುವುದು ಉತಾರವನ್ನೇ. ಬೆಳೆ ಹಾಳಾದ ವರ್ಷ ಪರಿಹಾರವು ಹುಡುಕಿಕೊಂಡು ಹೋಗುವುದು ಹಳೆಯ ಒಡೆಯನ ಮನೆಯನ್ನೇ. ಗುಮಾಸ್ತನ ಮೇಜಿನ ಮೇಲೆ ಉಳಿದ ಒಂದು ಚೀಟಿ ಒಂದು ಸಂಸಾರದ ವರ್ಷದ ಅನ್ನವನ್ನು ತಡೆಯಬಲ್ಲುದು.

2000ದ ಸುಮಾರಿಗೆ ಕರ್ನಾಟಕದಲ್ಲಿ ‘ಭೂಮಿ’ ಯೋಜನೆ ನೆಲೆಗೊಂಡಿತು. ಗ್ರಾಮಲೆಕ್ಕಿಗರ ವಶದಲ್ಲಿದ್ದ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿದವು. ನೋಂದಣಿಗೆ ‘ಕಾವೇರಿ’, ಭೂಮಾಪನಕ್ಕೆ ‘ಮೋಜಿಣಿ’ ಬಂದವು. ಇಲಾಖೆಗೊಂದು ಯಂತ್ರ ಬಂದ ಮಾತ್ರಕ್ಕೆ ತೊಡಕು ಬಿಡಿಸಿಹೋಗಲಿಲ್ಲ. ಮೂರಕ್ಕೂ ನಂಟು ಬೆಸೆದ ಮೇಲೆಯೇ ಸುಧಾರಣೆಯ ಫಲ ಕಂಡಿತು. ಈಗ ಹೊಲದ ಒಂದು ಭಾಗವನ್ನು ಮಾರಬೇಕಾದರೆ, ಯಾವ ಭಾಗವೆಂದು ಅಳೆದು ತೋರಿಸುವ 11-ಇ ನಕ್ಷೆ ಮೊದಲೇ ಸಿದ್ಧವಾಗಬೇಕು. ನೋಂದಣಿಯಾದ ಸುದ್ದಿ ಯಂತ್ರದ ಮೂಲಕವೇ ಕಂದಾಯ ಇಲಾಖೆಗೆ ತಲುಪಿ, ಹಕ್ಕುಬದಲಾವಣೆಯ ಕೆಲಸ ಆರಂಭವಾಗುತ್ತದೆ. ರೈತ ನಡೆಯುತ್ತಿದ್ದ ದಾರಿಯಲ್ಲಿ ಈಗ ಕಾಗದ ನಡೆಯುತ್ತಿದೆ.

ಆದರೂ ಕೆಲಸವೆಲ್ಲ ಮುಗಿಯಿತೆನ್ನುವಂತಿಲ್ಲ. ಮರಣವನ್ನು ಬರೆದಿಡುವ ಪುಸ್ತಕವೊಂದು, ಪಹಣಿಯ ಪುಸ್ತಕ ಮತ್ತೊಂದು. ತೀರಿಹೋಗಿ ಎಷ್ಟೋ ವರ್ಷಗಳಾದ ಅಜ್ಜನು ಪಹಣಿಯಲ್ಲಿ ಮಾತ್ರ ಇನ್ನೂ ಬದುಕಿರುವ ಮನೆಗಳು ನಾಡಿನಲ್ಲಿ ಉಂಟು. ಅಂತಹ ಹೊಲದ ಮೇಲೆ ಮಗನಿಗೆ ಸಾಲ ಹುಟ್ಟದು. ಮೊಮ್ಮಕ್ಕಳ ಕಾಲಕ್ಕೆ ಪಾಲಿನ ಜಗಳವೇ ಆಸ್ತಿಯಾಗಿ ಉಳಿಯುತ್ತದೆ. ಒಂದು ಕಚೇರಿಗೆ ತಿಳಿದುದನ್ನು ಇನ್ನೊಂದಕ್ಕೆ ತಿಳಿಸುವ ಹೊಣೆ ಸರಕಾರದ್ದು. ಅದನ್ನು ಪ್ರಜೆಯ ಹೆಗಲಿಗೆ ಹೊರಿಸುವುದು ನ್ಯಾಯವಲ್ಲ. ಆ ದಿನ ಬರುವ ತನಕ, ಪಟ್ಟಣದಲ್ಲಿ ನೆಲಸಿದವರು ಹಬ್ಬಕ್ಕೆ ಊರಿಗೆ ಹೋದಾಗ, ಮನೆಯ ಪಹಣಿಯಲ್ಲಿ ಯಾರ ಹೆಸರಿದೆಯೆಂದು ಒಮ್ಮೆ ನೋಡಿಬರುವುದು ಒಳ್ಳೆಯದು.