ಲಸಿಕೆ ಪುಕ್ಕಟೆ, ಹೋದ ಕೂಲಿಗೆ ಹೊಣೆ ಯಾರು?

ಮಕ್ಕಳಿಗೆ ಚುಚ್ಚುಮದ್ದು ಹಾಕುವ ಕಾರ್ಯದಲ್ಲಿ ದೇಶ ಮುಂದುವರಿದಿದೆ. ಇದನ್ನು ನಾವು ಮನಸಾರೆ ಒಪ್ಪುತ್ತೇವೆ. 1978ರಲ್ಲಿ ಮೊದಲಾದ ಯೋಜನೆ 1985ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವಾಯಿತು. 2014ರಲ್ಲಿ ದೇಶಕ್ಕೆ ಪೋಲಿಯೋ ಮುಕ್ತವೆಂಬ ಮನ್ನಣೆ ದೊರೆಯಿತು. ಎಲ್ಲ ಮೂಲ ಲಸಿಕೆಗಳನ್ನೂ ಪಡೆದ ಒಂದರಿಂದ ಎರಡು ವರ್ಷದ ಮಕ್ಕಳು ಕರ್ನಾಟಕದಲ್ಲಿ 2015-16ರಲ್ಲಿ ನೂರಕ್ಕೆ 63 ಇದ್ದರು; 2019-21ರ ಸಮೀಕ್ಷೆಯಲ್ಲಿ 84 ಆದರು.

ಉಳಿದ 16 ಮಕ್ಕಳು ಎಲ್ಲಿ? ಹುಡುಕುವವರು ಮೂಡಿಗೆರೆ, ಕಳಸದ ಕಾಫಿ ತೋಟಗಳ ಲೈನುಮನೆಗಳನ್ನೂ ನೋಡಲಿ. ಹಣ್ಣು ಕೊಯ್ಯಲು ಬಯಲುಸೀಮೆಯಿಂದ, ದೂರದ ಅಸ್ಸಾಮಿನಿಂದ ಸಂಸಾರಗಳು ಬರುತ್ತವೆ. ಕೊಯ್ಲು ಮುಗಿದೊಡನೆ ಹೊರಡುತ್ತವೆ. ಮಗುವಿಗೆ ಲಸಿಕೆ ಬೇಕಾದುದು ಹುಟ್ಟಿದಾಗ, ಆರು, ಹತ್ತು, ಹದಿನಾಲ್ಕು ವಾರಕ್ಕೆ, ಒಂಬತ್ತು ತಿಂಗಳಿಗೆ, ಮತ್ತೆ ಒಂದೂವರೆ ವರ್ಷದ ಹೊತ್ತಿಗೆ. ಹುಟ್ಟಿದೂರಿನ ಪಟ್ಟಿಯಲ್ಲಿ ಹೆಸರಿದ್ದರೆ ಮಗು ಇಲ್ಲಿ. ಇಲ್ಲಿಯ ಪಟ್ಟಿಯಲ್ಲಿ ಹೆಸರೇ ಇಲ್ಲ.

ಲಸಿಕೆಯ ದಿನ ಕೆಲಸದ ದಿನ. ಕೊಯ್ದ ಹಣ್ಣಿನ ತೂಕಕ್ಕೆ ಕೂಲಿ ಪಡೆಯುವ ತಾಯಿ ಮಗುವನ್ನೆತ್ತಿಕೊಂಡು ಗುಡ್ಡ ಇಳಿದರೆ ಅಂದಿನ ಕೂಲಿ ಹೋಯಿತು. ದಡಾರ-ರುಬೆಲ್ಲಾ ಲಸಿಕೆಯನ್ನು ಒಮ್ಮೆ ಕಲಸಿದರೆ ನಾಲ್ಕು ಗಂಟೆಯೊಳಗೆ ಬಳಸಬೇಕು, ಉಳಿದದ್ದು ಚೆಲ್ಲಬೇಕು. ಒಂದೇ ಮಗುವಿಗೆ ಸೀಸೆ ತೆರೆಯಲು ಹಿಂಜರಿದು ಆಕೆಯನ್ನು ವಾಪಸು ಕಳಿಸಿದರೆ, ಮತ್ತೆ ಬರಲು ಇನ್ನೊಂದು ದಿನದ ಕೂಲಿಯನ್ನು ಎಲ್ಲಿಂದ ತರಬೇಕು? ಇದನ್ನು ತಾಯಿಯ ಅಜ್ಞಾನವೆನ್ನುವವರು ಒಮ್ಮೆ ಆಕೆಯ ಚೀಲ ಹೊತ್ತು ನೋಡಲಿ.

ಕಾರ್ಮಿಕರ ಮಕ್ಕಳಿಗೆ ಶಿಶುವಿಹಾರ, ಕುಟುಂಬಕ್ಕೆ ವೈದ್ಯ ಸೌಲಭ್ಯ ಮಾಲೀಕರ ಹೊಣೆಯೆಂದು 1951ರ ತೋಟ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಕಾನೂನಿನ ಹೆಸರು ಬದಲಾದರೆ ಹೊಣೆ ಕಳಚುವುದಿಲ್ಲ.

ಇದು ತೋಟದವರ ಪಾಡು, ನಮಗೇನು ಎಂದು ಕಾಫಿ ಗಿರಣಿಯ ಬಂಧುಗಳೂ ಸಂತೆಯ ವರ್ತಕರೂ ಸುಮ್ಮನಿರಬಾರದು. ದಡಾರ ಗಾಳಿಯಲ್ಲಿ ಹರಡುತ್ತದೆ. ಸಂತೆಗೂ ಬರುತ್ತದೆ, ಬಸ್ಸನ್ನೂ ಹತ್ತುತ್ತದೆ. ಅದನ್ನು ತಡೆಯಲು ನೂರಕ್ಕೆ 95 ಮಕ್ಕಳಿಗಾದರೂ ಎರಡೂ ಸಲದ ಲಸಿಕೆ ಬೀಳಬೇಕು.

ನಮ್ಮ ಬೇಡಿಕೆಗಳು ಐದೇ. ಲಸಿಕೆಯ ದಿನ ತಾಯಿಗೆ ಕೂಲಿ ಸಹಿತ ಅರ್ಧ ದಿನ ರಜೆ ಸಿಗಬೇಕು. ಕೊಯ್ಲಿನ ತಿಂಗಳುಗಳಲ್ಲಿ ಭಾನುವಾರ ಲೈನುಮನೆಗಳಲ್ಲೇ ಲಸಿಕೆ ಹಾಕಬೇಕು. ಆಶಾ ಕಾರ್ಯಕರ್ತೆಗೆ ಆ ದಿನದ ದುಡಿಮೆಯ ಹಣ, ಗಾಡಿ ಖರ್ಚು ಕೊಡಬೇಕು. ಬಂದ ಸಂಸಾರಗಳ ಮಕ್ಕಳ ಪಟ್ಟಿಯನ್ನು ತೋಟದ ರೈಟರು ವಾರದೊಳಗೆ ಆಕೆಗೆ ಒಪ್ಪಿಸಬೇಕು. ಒಂದೇ ಮಗು ಬಂದರೂ ಸೀಸೆ ತೆರೆಯಬೇಕು.

ತೋಟದಲ್ಲಿ ಹಣ್ಣಿನ ಲೆಕ್ಕ ಕಿಲೋ ತಪ್ಪದಂತೆ ಬರೆಯುತ್ತಾರೆ. ಅದೇ ಪುಸ್ತಕದಲ್ಲಿ ಮಕ್ಕಳ ಹೆಸರನ್ನೂ ಬರೆಯಲಿ.