ಸೋರುವುದು ಎಣ್ಣೆ ಮಾತ್ರವೇ?

ಹಳೆಯ ಟ್ರ್ಯಾಕ್ಟರಿನಿಂದ ಎಣ್ಣೆ ಸೋರುವುದು ಪಕ್ಷದ ಪತ್ರಿಕೆಯಲ್ಲಿ ಬರೆಯತಕ್ಕ ವಿಷಯವೇ ಎಂದು ಮೂಗು ಮುರಿಯುವ ಮಹನೀಯರು ನಮ್ಮೊಳಗೂ ಇದ್ದಾರೆ. ಅವರು ಒಮ್ಮೆ ಕನಕಪುರ ದಾಟಿ ಉಯ್ಯಂಬಳ್ಳಿ ಹೋಬಳಿಯ ಕಡೆ ಹೋಗಿ ಬರಲಿ. ಮಳೆ ನಂಬಿದ ರಾಗಿ ಹೊಲ, ಹಿಪ್ಪುನೇರಳೆಯ ಇಕ್ಕಟ್ಟು ಸಾಲು, ಎರಡು ಎಕರೆಯ ಹಿಡುವಳಿ. ಅಂಥ ಕಡೆ ಬೇಕಾದದ್ದು 25 ಕುದುರೆಶಕ್ತಿಯ ಸುತ್ತಮುತ್ತಿನ ಚಿಕ್ಕ ಟ್ರ್ಯಾಕ್ಟರು. ಬಡ ರೈತನ ಕೈಗೆ ಅದು ಹೊಸದಾಗಿ ಸಿಕ್ಕೀತೇ? ಎರಡು ಮೂರು ಕೈ ಬದಲಾಗಿಯೇ ಅವನ ಅಂಗಳಕ್ಕೆ ಬರಬೇಕು. ಬರುವಾಗಲೇ ಹೊಟ್ಟೆಯ ಕೆಳಗೆ ಎಣ್ಣೆಯ ಹನಿ ತೂಗಾಡುತ್ತಿರುತ್ತದೆ.

ಅದನ್ನು ಮಾರಾಟಗಾರರ ಷೋರೂಮಿಗೆ ಒಯ್ದರೆ ಸಿಕ್ಕುವ ಉತ್ತರ ಎಲ್ಲರಿಗೂ ಗೊತ್ತಿದೆ. "ಈ ಮಾಡೆಲು ನಿಂತುಹೋಗಿದೆ, ಸಾಮಾನು ಬರುವುದಿಲ್ಲ, ಮಾರಿಬಿಡಿ, ಹೊಸದಕ್ಕೆ ಸಾಲ ನಾವೇ ಕೊಡಿಸುತ್ತೇವೆ." ಒಂದು ರಬ್ಬರ್ ಬಳೆ ಸವೆದದ್ದಕ್ಕೆ ವರ್ಷಗಟ್ಟಲೆ ಕಂತು ಕಟ್ಟುವ ಸಾಲ! ನೆಗಡಿಯಾದವನಿಗೆ ಮೂಗು ಕೊಯ್ಯುವ ವೈದ್ಯ ಇದಕ್ಕಿಂತ ವಾಸಿ.

ನಿಜಸ್ಥಿತಿ ಏನು? ಸೋರುವ ಯಂತ್ರಕ್ಕೆ ಮೊದಲ ಔಷಧ ಸೀಮೆಎಣ್ಣೆ ಮತ್ತು ಚಿಂದಿ ಬಟ್ಟೆ. ವರ್ಷಗಳ ಮಣ್ಣು ಜಿಡ್ಡನ್ನೆಲ್ಲ ತೊಳೆದು ಒರೆಸಿ, ಒಣಗಿದ ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ, ಅರ್ಧ ಗಂಟೆ ಓಡಿಸಬೇಕು. ಪುಡಿ ಮೊದಲು ಎಲ್ಲಿ ನೆನೆಯಿತೋ ಅಲ್ಲಿ ಕಳ್ಳನಿದ್ದಾನೆ. ಎಣ್ಣೆ ಮೇಲಿನಿಂದ ಇಳಿದು ಕೆಳಗೆ ಹನಿಯುವುದರಿಂದ, ತೊಳೆಯದೆ ನೋಡಿದವನು ಮೇಲಿನ ಮುಚ್ಚಳದ ತಪ್ಪಿಗೆ ಕೆಳಗಿನ ಚೇಂಬರನ್ನು ಬಿಚ್ಚುತ್ತಾನೆ.

ಆಮೇಲೆ ನೋಡಬೇಕಾದದ್ದು ಬ್ರೀದರ್, ಅಂದರೆ ಎಂಜಿನ್ನಿನ ಉಸಿರುಕೊಳವೆ. ಅದು ದೂಳಿನಿಂದ ಕಟ್ಟಿಕೊಂಡರೆ ಒಳಗಿನ ಗಾಳಿಗೆ ಹೋಗಲು ದಾರಿಯಿಲ್ಲದೆ, ಚೆನ್ನಾಗಿರುವ ಸೀಲನ್ನೂ ಒತ್ತಿಕೊಂಡು ಎಣ್ಣೆಯನ್ನು ಹೊರಗೆ ನೂಕುತ್ತದೆ. ಕೊಳವೆ ತೊಳೆದರೆ ಸೋರಿಕೆ ನಿಂತುಹೋದ ಉದಾಹರಣೆಗಳು ಯಾವ ಮೆಕ್ಯಾನಿಕ್ಕನ್ನು ಕೇಳಿದರೂ ಸಿಗುತ್ತವೆ. ಖರ್ಚು ಬರೀ ಸೀಮೆಎಣ್ಣೆಯದು. ಬೋಲ್ಟನ್ನು ಬಲ ಹಾಕಿ ಬಿಗಿಯುವುದರಿಂದ ತಗಡು ಬಾಗಿ ಸೋರಿಕೆ ಹೆಚ್ಚುತ್ತದೆಯೇ ಹೊರತು ನಿಲ್ಲುವುದಿಲ್ಲ. ಡ್ರೈನ್ ಬೋಲ್ಟಿನ ತಾಮ್ರದ ವಾಷರನ್ನು ಕೆಂಪಗೆ ಕಾಯಿಸಿ ತಣಿಸಿದರೆ ಮೆತ್ತಗಾಗಿ ಮತ್ತೆ ಸರಿಯಾಗಿ ಕೂರುತ್ತದೆ. ಮುಚ್ಚಳಗಳ ಪ್ಯಾಕಿಂಗನ್ನು ಹಾಳೆ ತಂದು ನಾವೇ ಕತ್ತರಿಸಿಕೊಳ್ಳಬಹುದು.

ಎರಡು ಸೋರಿಕೆಗಳನ್ನು ಮಾತ್ರ ಉದಾಸೀನ ಮಾಡಬಾರದು. ಕ್ರ್ಯಾಂಕಿನ ಹಿಂದಿನ ಸೀಲು ಹೋದರೆ ಎಣ್ಣೆ ಕ್ಲಚ್ಚಿಗೆ ಬೀಳುತ್ತದೆ. ಟ್ರ್ಯಾಕ್ಟರನ್ನು ನಡುವೆ ಎರಡು ಹೋಳಾಗಿ ಬೇರ್ಪಡಿಸದೆ ಅದು ಕೈಗೆ ಸಿಕ್ಕದು, ಕೆಲಸ ಬಲ್ಲವನೇ ಬೇಕು. ಹಿಂದಿನ ಆಕ್ಸಲಿನ ಸೀಲು ಹೋದರೆ ಎಣ್ಣೆ ಬ್ರೇಕಿಗೇ ಹೋಗಬಹುದು. ಟ್ರೈಲರಿನಲ್ಲಿ ಗೊಬ್ಬರವನ್ನೋ ಆಳುಗಳನ್ನೋ ತುಂಬಿಕೊಂಡು ಸಂಗಮದ ಕಡೆಯ ಇಳಿಜಾರಿನಲ್ಲಿ ಬರುವಾಗ ಬ್ರೇಕು ಹಿಡಿಯದಿದ್ದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕೇ? ಎಣ್ಣೆಯ ಹನಿ ರಾಜಕೀಯವಲ್ಲ ಎನ್ನುವ ಮಹನೀಯರು ಆ ಟ್ರೈಲರಿನಲ್ಲಿ ಕೂತು ಉತ್ತರ ಹೇಳಲಿ.

ಆ ಸೀಲೇನು ಬ್ರಹ್ಮರಹಸ್ಯವೇ? ಅದರ ಮೈಮೇಲೆಯೇ ಸಾಮಾನ್ಯವಾಗಿ ಮೂರು ಅಳತೆ ಅಚ್ಚಾಗಿರುತ್ತವೆ: ಒಳಗಿನ ದಂಡದ ದಪ್ಪ, ಹೊರಗಿನ ಸುತ್ತಳತೆಯ ವ್ಯಾಸ, ಅಗಲ, ಎಲ್ಲ ಮಿಲಿಮೀಟರಿನಲ್ಲಿ. ಬೇರಿಂಗೂ ಹಾಗೆಯೇ. 6205 ಎಂದು ಕೆತ್ತಿದ ಬೇರಿಂಗು ಜಪಾನಿನಲ್ಲಿ ಆಗಲಿ ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಲ್ಲಿ ಆಗಲಿ 25 ಮಿಲಿಮೀಟರಿನ ದಂಡಕ್ಕೇ ಕೂರುತ್ತದೆ. ಅಳತೆಯನ್ನು ಯಾವ ಧಣಿಯೂ ಸ್ವಂತ ಆಸ್ತಿ ಮಾಡಿಕೊಂಡಿಲ್ಲ. ಅದಕ್ಕೇ ಕಂಪನಿಗಳು ಅದೇ ಸೀಲಿಗೆ ತಮ್ಮದೊಂದು ನಂಬರು ಕೊಟ್ಟು, ಪೊಟ್ಟಣ ಕಟ್ಟಿ, ಅಳತೆಯನ್ನು ಮರೆಮಾಡಿ ಮಾರುತ್ತವೆ. ರೈತ ಕಳೆದುಕೊಳ್ಳುವುದು ಎಣ್ಣೆಯನ್ನಷ್ಟೇ ಅಲ್ಲ, ತನ್ನ ಯಂತ್ರವನ್ನು ತಾನು ಬಿಚ್ಚುವ ಅಧಿಕಾರವನ್ನು.

ಡಾ. ಲೋಹಿಯಾ 1952 ರ ಪಚ್‌ಮಢಿ ಸಮ್ಮೇಳನದಲ್ಲಿ ಚಿಕ್ಕ ಯಂತ್ರದ ಪಕ್ಷ ಹಿಡಿದರು. ಅದನ್ನು ಕೇಳಿ ನಕ್ಕವರ ಮಕ್ಕಳೇ ಇಂದು ಚಿಕ್ಕ ಟ್ರ್ಯಾಕ್ಟರನ್ನು ಜಾಹೀರಾತು ಹಾಕಿ ಮಾರುತ್ತಿದ್ದಾರೆ. ಆದರೆ ಕುದುರೆಶಕ್ತಿ ಕಡಿಮೆಯಾದ ಮಾತ್ರಕ್ಕೆ ಯಂತ್ರ ಚಿಕ್ಕದಾಗುವುದಿಲ್ಲ. ಊರಿನ ಮೆಕ್ಯಾನಿಕ್ಕು ಬಿಚ್ಚಿ ಕೂರಿಸಬಲ್ಲ ಯಂತ್ರ ಚಿಕ್ಕದು. ಬೀಗದ ಕೈ ಪರಸ್ಥಳದಲ್ಲಿರುವ ಯಂತ್ರ ಹದಿನೈದು ಕುದುರೆಶಕ್ತಿಯದಾದರೂ ದೊಡ್ಡ ಬಂಡವಾಳದ್ದೇ. 1974 ರ ತಿದ್ದುಪಡಿ ಕಾನೂನು ಉಳುವವನನ್ನು ಭೂಮಿಯ ಒಡೆಯನನ್ನಾಗಿ ಮಾಡಲು ಹೊರಟಿತು. ಉಳುವ ಯಂತ್ರದ ಒಡೆಯ ಯಾರೆಂದು ಯಾವ ಕಾನೂನೂ ಕೇಳಲಿಲ್ಲ.

ಸರ್ಕಾರದ ಕಥೆ ಇನ್ನೂ ಚೆನ್ನ. ಬೆಂಗಳೂರಿನಲ್ಲಿ 1953 ರಲ್ಲಿ ಹುಟ್ಟಿದ ಎಚ್.ಎಂ.ಟಿ. ಜನರ ಹಣದ ಕಾರ್ಖಾನೆ. ಅದು 1971 ರಿಂದ ಪಿಂಜೋರಿನಲ್ಲಿ, ಚೆಕೊಸ್ಲೊವಾಕಿಯದ ಜೆಟರ್ ಕಂಪನಿಯ ಸಹಕಾರದಿಂದ, 25 ಕುದುರೆಶಕ್ತಿಯ ಟ್ರ್ಯಾಕ್ಟರು ಮಾಡಿತು. 2016 ರಲ್ಲಿ ಕೇಂದ್ರ ಸಂಪುಟ ಅದರ ಟ್ರ್ಯಾಕ್ಟರ್ ವಿಭಾಗಕ್ಕೆ ಬೀಗ ಹಾಕಲು ಒಪ್ಪಿತು. ಕಾರ್ಮಿಕ ಬೀದಿಗೆ ಬಿದ್ದ. ಟ್ರ್ಯಾಕ್ಟರು ಕೊಂಡ ರೈತ ಬಿಡಿಭಾಗಕ್ಕೆ ಅಲೆದ. ಜನರ ಹಣದಿಂದ ಬರೆದ ಆ ಯಂತ್ರದ ನಕ್ಷೆಗಳು ಜನರವೇ ಅಲ್ಲವೇ? ಅವುಗಳನ್ನು ಐ.ಟಿ.ಐ.ಗಳಿಗೆ, ಹಾರೋಹಳ್ಳಿಯಂಥ ಕಡೆಯ ಸಣ್ಣ ಕಾರ್ಖಾನೆಗಳಿಗೆ ಬಿಟ್ಟುಕೊಟ್ಟರೆ ಯಾರ ಗಂಟು ಹೋಗುತ್ತದೆ?

2022 ರ ಜುಲೈಯಲ್ಲಿ ದೆಹಲಿಯಲ್ಲಿ ರಿಪೇರಿಯ ಹಕ್ಕಿಗೆಂದು ಸಮಿತಿ ಕೂತಿತು. ಕೃಷಿ ಯಂತ್ರಗಳೂ ಅದರ ಪಟ್ಟಿಯಲ್ಲಿದ್ದವು. ಡಿಸೆಂಬರಿನಲ್ಲಿ ಜಾಲತಾಣವೂ ತೆರೆಯಿತು. ಕೈಪಿಡಿ, ಬಿಡಿಭಾಗ ಕೊಡಲೇಬೇಕೆಂಬ ಕಾನೂನು ಮಾತ್ರ ಬರಲಿಲ್ಲ. ಬಂಡವಾಳದ ತವರಾದ ಅಮೆರಿಕದಲ್ಲೇ ಕೊಲರಾಡೊ ಸಂಸ್ಥಾನ 2023 ರಲ್ಲಿ ಕೃಷಿ ಯಂತ್ರಗಳಿಗಾಗಿ ಅಂಥ ಕಾನೂನು ಮಾಡಿತು. ನಮ್ಮಲ್ಲಿ 2025 ರ ಸೆಪ್ಟೆಂಬರಿನಲ್ಲಿ ಹೊಸ ಟ್ರ್ಯಾಕ್ಟರಿನ ತೆರಿಗೆ ಶೇಕಡ 12 ರಿಂದ 5 ಕ್ಕೆ ಇಳಿಯಿತು. ಹಲವು ಬಿಡಿಭಾಗಗಳದೂ ಇಳಿಯಿತು, ಒಪ್ಪೋಣ. ಹಳೆಯ ಟ್ರ್ಯಾಕ್ಟರು ಕುಡಿಯುವ ಎಂಜಿನ್ ಎಣ್ಣೆಗೆ ಅದೇ ಶೇಕಡ 18! ಹೊಸದು ಕೊಂಡರೆ ಸಹಾಯಧನದ ಯೋಜನೆಗಳುಂಟು. ಇದ್ದದ್ದನ್ನು ಸರಿಮಾಡಿಕೊಂಡವನ ಬೆನ್ನು ತಟ್ಟುವವರಿಲ್ಲ.

ಇದು ರೈತನೊಬ್ಬನ ಗೋಳೆಂದು ಗಿರಣಿಯ ಸಂಗಾತಿಗಳು ತಿಳಿಯಬಾರದು. ರಾಮನಗರದ ರೇಷ್ಮೆ ಬಿಚ್ಚಾಣಿಕೆಗೆ ಚೀನಾದಿಂದ ಸ್ವಯಂಚಾಲಿತ ಯಂತ್ರಗಳು ಬಂದಿವೆ. ಅವುಗಳ ಒಂದು ಭಾಗ ಕೆಟ್ಟು, ಬದಲಿಗೆ ಕಾದು ನಿಂತ ದಿನ ಕೂಲಿ ಖೋತಾ ಆಗುವುದು ಯಾರಿಗೆ? ವ್ಯಾಪಾರಿ ಬಂಧುಗಳಿಗೂ ಒಂದು ಮಾತು. 2014 ರಲ್ಲಿ ಸ್ಪರ್ಧಾ ಆಯೋಗ, ಬಿಡಿಭಾಗಗಳನ್ನು ಹೊರಗಿನ ಅಂಗಡಿಗೆ ಬಿಡದ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತು. ಮೇಲ್ಮನವಿಯಲ್ಲಿ ಅದು ಇಳಿಯಿತು, ನಿಜ. ಆದರೂ ನಿಮ್ಮ ಗಲ್ಲೆಯ ಹಕ್ಕನ್ನು ಆಯೋಗವೇ ಎತ್ತಿ ಹಿಡಿದಿತ್ತು. ಆ ಹಕ್ಕಿಗೆ ಬೆಲೆ ಬರಬೇಕಾದರೆ, ಎರಡು ತಿಂಗಳಿಗೆ ಕಲ್ಲಾಗುವ ಕಳಪೆ ರಬ್ಬರಿನ ಸೀಲನ್ನು ಅಸಲಿಯ ಬೆಲೆಗೆ ಮಾರುವುದನ್ನು ನಮ್ಮವರೇ ಕೆಲವರು ಬಿಡಬೇಕು. ಕಂಪನಿಯವನು "ಹೊರಗಿನದೆಲ್ಲ ನಕಲಿ" ಎಂದು ಸಾರುವುದಕ್ಕೆ ಡಂಗುರ ಕೊಟ್ಟವರು ಇವರೇ.

ಹೋಬಳಿಗೊಂದು ರೈತ ಸಂಪರ್ಕ ಕೇಂದ್ರವಿದೆ. ಬೀಜ, ಔಷಧ ಹಂಚುವ ಆ ಕಟ್ಟಡದಲ್ಲೇ ಒಂದು ಬೆಂಚು, ಒಂದು ವೈಸು, ಅಳತೆವಾರು ಜೋಡಿಸಿದ ಸೀಲುಗಳ ಪೆಟ್ಟಿಗೆ, ಸಂಬಳ ಕೊಟ್ಟು ಇಟ್ಟ ಒಬ್ಬ ಐ.ಟಿ.ಐ. ಕಲಿತ ಹುಡುಗ: ಇಷ್ಟನ್ನು ಉಯ್ಯಂಬಳ್ಳಿಯಿಂದಲೇ ಆರಂಭಿಸಲಿ ಎಂದು ತಾಲ್ಲೂಕು ಕಚೇರಿಯ ಮುಂದೆ ಕೇಳೋಣ. ಮುಂಗಾರಿನ ಉಳುಮೆಗೆ ಮೊದಲೇ ಕೇಳಬೇಕು. ಅಲ್ಲಿಯವರೆಗೆ, ಟ್ರ್ಯಾಕ್ಟರು ಇರುವವರು ಆ ಉಸಿರುಕೊಳವೆಯನ್ನು ಈ ಭಾನುವಾರವೇ ಬಿಚ್ಚಿ ತೊಳೆದುಬಿಡಿ.